ಸೀಟಿ ಊದಿದ ಮೇಲೆ

ಹಲೋ... ಹಾಂ, ಹ್ನಾಟ್ಯುಕ್ ಅವರ ಮನೇನೇ. ಯಾರು ಮಾತಾಡ್ತಿರೋದು?...

ಯಾರು? ಸ್ವಲ್ಪ ಜೋರಾಗಿ ಹೇಳಿ, ಬೂಟು ಹಾಕ್ಕೊಂಡು ಹೊರಡೋಳು ನಾನು, ಬೇಗ ಹೇಳಿ...

ಗಿಲೇನಾ? ಯಾವ ಗಿಲೇನು? ಆ ಹೆಸರಿನವರು ನಂಗೆ ಯಾರೂ ಗೊತ್ತಿಲ್ಲವಲ್ಲ...

ಓ. ಗಿಲೇನ್ ಆರ್ಸೆನೋ. ಹಾಗೆ ಪೂರ್ತಿ ಹೇಳ್ಬೇಕಪ್ಪ. ಆ ಹೆಸರಿನವನೊಬ್ಬ ಇಲ್ಲಿ ಜೂನಿಯರ್ ತಂಡಕ್ಕೆ ಐಸ್ ಹಾಕಿ ಆಡೋಕೆ ಅಂತ ಬಂದು, ಎರಡು ಚಳಿಗಾಲ ನಮ್ಮನೇಲಿ ಉಂಡು ಮಲಗಿದ್ದ. ನನ್ನ ಮಗ ಒರೆಸ್ಟ್‌ನ ಕೋಣೇಲೇ ಇನ್ನೊಂದು ಮಂಚ ಹಾಕ್ಕೊಟ್ಟಿದ್ದೆ. ನನ್ನ ಆಲೂಗಡ್ಡೆ ಕಡುಬು ಒಂದೇ ಸಲಕ್ಕೆ ಇಪ್ಪತ್ತೆರಡು ತಿಂದು, ಅಮ್ಮಾ ಇನ್ನೂ ಇದೆಯಾ ಅಂತಿದ್ದ. ಅವನೇನಾ ನೀನು?...

ಅಮ್ಮ ಅಂತೀಯಾ ಈಗ್ಲೂ? ಅನ್ನು, ಅನ್ನು. ಬಾಯಿ ನಿಂದು...

ಇಲ್ಲ, ಅವನಿಗೆ ಕೊಡೋಕಾಗಲ್ಲ. ಈಗ ತಾನೇ ನಿದ್ದೆ ಹತ್ತಿದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದಾರೆ, ಅವನಿಗೆ ಹಗಲು ಯಾವುದು, ಇರುಳು ಯಾವುದು...

ಅಯ್ಯೋ, ಗಾಬರಿ ಆಗ್ಬೇಡ, ಎರಡೂ ಹೋಗಿಲ್ಲ. ಎಡಗಣ್ಣು ಮಾತ್ರ. ಸೋಮವಾರ ತೆಗೆದೇಬಿಟ್ರು. ಬಲಗಣ್ಣು ಅತ್ತಿತ್ತ ಹೊರಳಿದ್ರೆ ಈ ಕಡೆ ಗಾಯನೂ ಹೊರಳುತ್ತಂತೆ, ಅದಕ್ಕೇ ಅದನ್ನೂ ಕಟ್ಟಿ ಕೂರಿಸಿದಾರೆ. ಪಟ್ಟಿ ಬದಲಾಯಿಸೋಳು ನಾನೇ. ನೋಡಿದೀಯಾ ನೀನು, ಕಣ್ಣು ತೆಗೆದ ಜಾಗ ಹೇಗಿರುತ್ತೆ ಅಂತ? ಹೇಳ್ಲಾ?...

ಸರಿ, ಹೇಳಲ್ಲ. ಅಳ್ತಿದೀಯಾ? ಅಳು. ನಿಂಗಾದ್ರೆ ಅಳೋಕೆ ಎರಡಿವೆ...

ಹಾಂ, ಅದು ಗೊತ್ತು. ಪೇಪರಲ್ಲಿ ಬಂದಿದೆ. ಇವತ್ತು ಮೂರು ಗಂಟೆಗೆ ಅಲ್ವಾ, ನಿನ್ನ ವಿಚಾರಣೆ? ಲೀಗಿನ ಅಧ್ಯಕ್ಷರ ಮುಂದೆ? ಈಗೆಷ್ಟು? ಹನ್ನೆರಡೂವರೆ. ಹನ್ನೊಂದು ದಿನ ಆಗಿದೆ ಕಣೋ. ಹನ್ನೊಂದು ದಿನ ಈ ಫೋನು ಇದೇ ಗೋಡೇಲಿ ನೇತಾಡ್ತಿತ್ತು. ಇವತ್ತು ಹನ್ನೆರಡೂವರೆಗೆ ನಿನಗೆ ನಂಬರ್ ನೆನಪಾಯ್ತು...

ಯಾರು, ವಕೀಲನಾ? ಅವನೇ ಫೋನ್ ಮಾಡ್ಬೇಡ ಅಂದಿದ್ನಾ? ಮತ್ತೆ ಇವತ್ತು ಮಾಡು ಅಂದೋನೂ ಅವನೇನಾ?... ಹೂಂ. ಒಳ್ಳೇ ವಕೀಲ. ಬಿಡಬೇಡ ಅವನ್ನ.

ನಿಂಗೊಂದು ವಿಷಯ ಗೊತ್ತಾ ಗಿಲೇನ್? ಅವನು ಎದ್ದ ತಕ್ಷಣ ಕೇಳೋದು ನೀರಲ್ಲ, ಮಾತ್ರೆ ಅಲ್ಲ. "ಅಮ್ಮಾ, ಗಿಲೇನ್ ಫೋನ್ ಮಾಡಿದ್ನಾ?" ದಿನಾ. ನಾನೂ ದಿನಾ ಇಲ್ಲ ಅಂತೀನಿ. ಅವನು ಗೋಡೆ ಕಡೆ ತಿರುಗಿ ಮಲಗ್ತಾನೆ...

ಈಗ ಎಬ್ಬಿಸು ಅಂತೀಯಾ? ಎಬ್ಬಿಸಲ್ಲ. ನನ್ನ ಹತ್ರ ಮಾತಾಡು. ಏನು ಬೇಕು ಹೇಳು...

ಕಾಗದ. ಎಂಥ ಕಾಗದ?... ಬೇಕೂಂತ ಆಗಿದ್ದಲ್ಲ ಅಂತ ಅವನು ಬರ್ಕೊಡ್ಬೇಕಾ? ಕುರುಡ ಬರೀಬೇಕಾ?... ಇಲ್ಲಪ್ಪ, ಸಿಟ್ಟಿಲ್ಲ, ಕೇಳ್ತಿದೀನಿ ಅಷ್ಟೆ. ಕಾಗದ ಇದ್ರೆ ಏನಾಗುತ್ತೆ, ಇಲ್ದಿದ್ರೆ ಏನಾಗುತ್ತೆ?...

ಹತ್ತು ಪಂದ್ಯ ಹೊರಗೆ. ಇಲ್ದಿದ್ರೆ ಜೀವಮಾನ ಪೂರ್ತಿನಾ? ಎಲ್ಲಾ ಲೀಗಿಂದಾನೂ?... ಅಬ್ಬಾ. ದೊಡ್ಡ ಶಿಕ್ಷೆ ಕಣೋ. ದೊಡ್ಡ ಲೀಗಿನವರು ಮಾರ್ಚಿಗೆ ನಿನ್ನ ಕರೆಸ್ಕೋತೀವಿ ಅಂದಿದ್ರಂತಲ್ಲ, ಅದೂ ಹೋಯ್ತಾ ಹಾಗಾದ್ರೆ?...

ಮತ್ತೇನ್ ಮಾಡ್ತೀಯ? ಊರಿಗೆ ಹೋಗಿ ನಿಮ್ಮಪ್ಪನ ಪಕ್ಕ ನಿಂತು ಮೀನು ಕೊಯ್ತೀಯಾ? ಆ ಕಾರ್ಖಾನೇಲಿ ಅವರಿಗೆ ಎಷ್ಟು ಬೆರಳು ಹೋದ್ವು, ಎರಡಾ ಮೂರಾ?... ಮೂರು. ನೀನೇ ಹೇಳಿದ್ದೆ, ಈ ಅಡುಗೆಮನೇಲೇ. ಸಾಯ್ತೀನಿ ಅಮ್ಮ, ಅಲ್ಲಿಗೆ ಮಾತ್ರ ಹೋಗಲ್ಲ ಅಂದಿದ್ದೆ...

ಹೌದಾ? ನಿನ್ನ ಹೆಂಡ್ತಿ ಮಿರೇಯ್‌ಗೆ ಎಷ್ಟು ತಿಂಗಳು?... ಏಳಾ. ಕಾಲು ಊದ್ಕೊಂಡಿದೆಯಾ? ಉಪ್ಪು ಕಮ್ಮಿ ಮಾಡೋಕೆ ಹೇಳು...

ಹಾಂ, ಕೇಳ್ತಿದೀನಿ, ಹೇಳು... ಎಡವಿದೆ, ಕೋಲು ತಾನಾಗೇ ಮೇಲೆ ಹೋಯ್ತು. ಸರಿ. ಇದು ಪೇಪರಿನವರಿಗೆ ಹೇಳಿದ್ದು. ನಂಗೇನು ಹೇಳ್ತೀಯ? ನಾನು ಎಲ್ಲಿ ಕೂತಿದ್ದೆ ಗೊತ್ತಾ ಅವತ್ತು? ಐದನೇ ಸಾಲು, ಗಾಜಿನ ಹತ್ರ. ಸೀಟಿ ಊದಿ ಆಗಿತ್ತು ಗಿಲೇನ್. ಆಟ ನಿಂತಿತ್ತು. ಅವನ ಹೆಲ್ಮೆಟ್ಟು ಕಳಚಿ ಬಿದ್ದಿತ್ತು, ಎತ್ಕೊಳ್ಳೋಕೆ ಅಂತ ಬಗ್ಗಿದ್ದ. ನೀನು ಎದುರು ತಂಡದ ಅಂಗಿ ಹಾಕ್ಕೊಂಡು ದೂರದಿಂದ ಐಸ್ ಮೇಲೆ ಜಾರ್ಕೊಂಡು ಬಂದೆ. ಕೋಲನ್ನ ಎರಡೂ ಕೈಲಿ ಹಿಡಿದಿದ್ದೆ, ಸೌದೆ ಸೀಳೋರು ಕೊಡಲಿ ಹಿಡಿದ ಹಾಗೆ...

ಕೂಗ್ಬೇಡ. ಕೂಗಿದ್ರೆ ಇಟ್ಬಿಡ್ತೀನಿ.

ನಾನು ಹಾಕಿ ನೋಡದವಳಲ್ಲ ಕಣೋ. ನಮ್ಮನೆಯೋರು ಬೋಹ್ದಾನ್ ಏನು ಮಾಡ್ತಿದ್ರು ಹದಿನಾಲ್ಕು ವರ್ಷ? ಇದೇ ಕೆಲಸ. ಎದುರು ತಂಡದಲ್ಲಿ ಯಾರು ಚೆನ್ನಾಗಿ ಆಡ್ತಾನೋ ಅವನ ಮಣಿಕಟ್ಟು ನೋಡ್ಕೊಂಡು ಬಾ ಅಂತ ಕಳಿಸ್ತಿದ್ರು, ಇವರು ನೋಡ್ಕೊಂಡು ಬರ್ತಿದ್ರು. ಅವರ ಅಂಗಿ ಒಗೀತಿದ್ದೋಳು ನಾನು. ಒಂದಿನ ಯಾವಳೋ ಒಬ್ಬಳು ತಾಯಿ ಫೋನ್ ಮಾಡಿದ್ಲು, ನನ್ನ ಮಗನ ಕೈ ಇನ್ನು ಮಡಚೋಕಾಗಲ್ಲಂತೆ ಅಂತ. ನಾನೇನಂದೆ ಗೊತ್ತಾ? ಆಡೋಕೆ ಕಳಿಸಿದ್ಮೇಲೆ ಏಟು ಬೀಳುತ್ತಮ್ಮ, ಇಲ್ಲದಿದ್ರೆ ಮನೇಲಿ ಕೂರಿಸಿ ಹೊಲಿಗೆ ಕಲಿಸು ಅಂದೆ. ಅಂದು ನಕ್ಕೆ. ಇವರೂ ನಕ್ರು...

ಹೌದು, ಅದಕ್ಕೇ ನಂಗೆ ಅರ್ಥ ಆಗುತ್ತೆ ಅಂತ ಅಂದ್ಕೊಂಡ್ಯಾ? ಅರ್ಥ ಆಗುತ್ತೆ. ಚೆನ್ನಾಗೇ ಅರ್ಥ ಆಗುತ್ತೆ.

ಒರೆಸ್ಟ್ ಮಾತ್ರ ಅಪ್ಪನ ಹಾಗಾಗ್ಲಿಲ್ಲ. ಒಂದು ದಿನಾನೂ ಯಾರ ಮೇಲೂ ಕೋಲು ಎತ್ತಿದವನಲ್ಲ. ಅವರಪ್ಪ ಸಾಯೋವರೆಗೂ ಅವನನ್ನ ಹೆಣ್ಣಿಗ ಅಂತ ಬೈದ್ರು. ಅದೂ ನಿಂಗೆ ಗೊತ್ತು, ನಿನ್ನೆದುರಿಗೇ ಬೈದಿದ್ದು...

ಇರು. ಕೇಳು. ಕಾಗದ ಇದೆ...

ಹೂಂ, ಇದೆ. ನೀನು ಕೇಳೋಕೆ ಮುಂಚೇನೇ ಬರೆಸಿದಾನೆ. ಬೆಳಿಗ್ಗೆ ಹಾಸಿಗೇಲಿ ಕೂತು ಹೇಳ್ದ, ನಾನು ಬರ್ದೆ. ರುಜು ಅವನದೇ, ತಡಕಾಡಿ ಹಾಕಿದಾನೆ, ಸಾಲು ಬಿಟ್ಟು ಕೆಳಗಿಳಿದಿದೆ. ಔಷಧಿ ಅಂಗಡೀಲಿ ಫ್ಯಾಕ್ಸ್ ಇದೆ, ಎರಡು ಗಂಟೆ ಒಳಗೆ ಹಾಕಮ್ಮ ಅಂದಿದಾನೆ. ಅದಕ್ಕೇ ಹೊರಟಿದ್ದೆ, ನೀನು ಫೋನ್ ಮಾಡ್ದಾಗ. ಓದ್ಲಾ?...

"ಲೀಗಿನ ಅಧ್ಯಕ್ಷರಿಗೆ. ಗಿಲೇನ್ ಆರ್ಸೆನೋನನ್ನು ನಾನು ಏಳು ವರ್ಷಗಳಿಂದ ಬಲ್ಲೆ. ಒಂದೇ ಕೋಣೆಯಲ್ಲಿ ಮಲಗಿ ಬೆಳೆದವರು ನಾವು. ಅಂದು ನಡೆದದ್ದು ಆಟದ ಭರದಲ್ಲಿ ಆದ ಆಕಸ್ಮಿಕ. ನನಗೆ ನೋವು ಮಾಡುವ ಉದ್ದೇಶ ಅವನಿಗೆ ಇರಲಿಲ್ಲವೆಂದು ನಾನು ನಂಬಿದ್ದೇನೆ. ಅವನನ್ನು ಹೊರಗೆ ಹಾಕಿದರೆ ಒಬ್ಬನ ಬದಲು ಇಬ್ಬರ ಆಟ ಮುಗಿದಂತಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ." ಅಷ್ಟೇ ಇದೆ...

ಕೇಳಿಸ್ತಾ?... ಅಳು, ಅಳು, ಪರವಾಗಿಲ್ಲ. ಮಿರೇಯೂ ಪಕ್ಕದಲ್ಲೇ ಇದಾಳಾ? ಅವಳಿಗೂ ಹೇಳು...

ಕಳಿಸ್ತೀನಿ. ಯಾಕೆ ಕಳಿಸಲ್ಲ? ಆದ್ರೆ ಒಂದು ಮಾತು. ಪೇಪರಿನವರಿಗೆ ಹೇಳಿದ್ದು ನಂಗೆ ಬೇಡ. ನಿಜ ಹೇಳು. ನಿಜ ಹೇಳಿದ್ರೆ ಈಗಲೇ ಎದ್ದು ಹೋಗಿ ಹಾಕ್ತೀನಿ. ಬೇಕೂಂತ ಹೊಡೆದ್ಯಾ?...

ಮತ್ತೆ ಎಡವಿದೆ ಅಂತೀಯಲ್ಲೋ. ಸರಿ ಇಡ್ಲಾ?...

ಹಾಂ. ಹಾಗೆ ಬಾ ದಾರಿಗೆ. ಯಾರು ಹೇಳಿದ್ದು?... ನಿಮ್ಮ ಕೋಚಾ? ಮೆಕಾರ್ಡಲ್? ಏನಂದ?... "ಹ್ನಾಟ್ಯುಕ್ ನಾಳೆ ಕಾಲ ಮೇಲೆ ನಿಂತಿದ್ರೆ ನೀನು ತಂಡದ ಬಸ್ ಹತ್ತಬೇಡ." ಈಗ ಅವನೇ ನಾನು ಹೇಳೇ ಇಲ್ಲ ಅಂತಿದಾನಾ? ಅವನು ಹಾಗೇ ಅಂತಾನೆ. ನಮ್ಮನೆಯೋರಿಗೆ ಹೇಳಿದೋರೂ ಹಾಗೇ ಅಂತಿದ್ರು...

ಎಲ್ಲಿಗೆ ಗುರಿ ಇಟ್ಟಿದ್ದೆ?... ಭುಜಕ್ಕಾ? ಭುಜಕ್ಕೆ ಇಟ್ಟಿದ್ದು ಕಣ್ಣಿಗೆ ಹೇಗೆ ಬಿತ್ತು?... ಅವನು ತಲೆ ಎತ್ತಿದ್ನಾ. ಯಾಕೆ ಎತ್ತಿದ?...

ಏನು?... ನಿನ್ನ ನೋಡಿ ನಕ್ನಾ?

...

ಏನೋ ಜೋಕ್ ಹೇಳೋಕೆ ಬರ್ತಿದೀಯ ಅಂದ್ಕೊಂಡ. ಹೂಂ. ಅಂದ್ಕೊಂಡಿರ್ತಾನೆ. ಅಂಥವನೇ ಅವನು. ಅವನ ಮುಖ ಕಾಣಿಸ್ತಾ ನಿಂಗೆ? ಹೆಲ್ಮೆಟ್ ಇಲ್ಲ ಅಂತ ಕಾಣಿಸ್ತಾ?... ಬಾಯಿಬಿಟ್ಟು ಹೇಳು. ಕಾಣಿಸ್ತಾ, ಇಲ್ವಾ?...

ಕಾಣಿಸ್ತು. ಆದ್ರೂ ಕೈ ನಿಲ್ಲಿಸ್ಲಿಲ್ಲ...

ಸರಿ. ಆಯ್ತು. ಇಷ್ಟೇ ಬೇಕಿತ್ತು ನಂಗೆ. ಹಗುರ ಆಯ್ತಾ ಮನಸ್ಸು?... ಆಗುತ್ತೆ ಅಂತಾರೆ.

ಆದ್ರೆ ಈಗೊಂದು ಕಷ್ಟ ಆಯ್ತಲ್ಲ ಗಿಲೇನ್. ಕಾಗದದಲ್ಲಿ ಆಕಸ್ಮಿಕ ಅಂತಿದೆ. ನೀನು ಬೇಕೂಂತ ಅಂತಿದೀಯ. ಇಬ್ಬರಲ್ಲಿ ಯಾರದ್ದು ನಿಜ? ಸುಳ್ಳು ಬರೆದ ಕಾಗದಾನ ನಾನು ಅಧ್ಯಕ್ಷರಿಗೆ ಹೇಗಪ್ಪ ಕಳಿಸ್ಲಿ? ನನ್ನ ಕೈಬರಹ ಅದು...

ಮಾತು ಕೊಟ್ಟೆ. ಕೊಟ್ಟೆ ನಿಜ. ಅವನೂ ನಿಂಗೆ ಊಟದ ಮೇಜಲ್ಲಿ ಪಕ್ಕದ ಜಾಗ ಕೊಟ್ಟಿದ್ದ...

ಕೇಳಿಸ್ತಾ ಈ ಶಬ್ದ? ಒಲೆ ಬಾಗಿಲು. ಈ ವರ್ಷ ಸೌದೆ ಚೆನ್ನಾಗಿ ಒಣಗಿದೆ, ಹಾಕಿದ ಕೂಡ್ಲೆ ಹತ್ಕೊಳ್ಳುತ್ತೆ...

ಬೇಡಿಕೋ. ಜೋರಾಗಿ ಬೇಡಿಕೋ, ಕೇಳ್ತೀನಿ. ನಿನ್ನ ಹೆಂಡ್ತಿ ಕೈಗೆ ಫೋನ್ ಕೊಡ್ಬೇಡ, ಅವಳನ್ಯಾಕೆ ನಡುವೆ ತರ್ತೀಯ...

ಹೋಯ್ತು. ರುಜು ಇದ್ದ ಮೂಲೆ ಕೊನೇಗೆ ಉರೀತು, ನೋಡು.

ಮತ್ತೆ ಫೋನ್ ಮಾಡ್ತೀಯಾ? ಮಾಡು. ಎತ್ತೋಳು ನಾನೇ. ಕಾಗದ ಬರೆದ್ರೆ ಅವನಿಗೆ ಓದಿ ಹೇಳೋಳೂ ನಾನೇ. ಇಲ್ಲಿಗೆ ಬಂದ್ರೆ ಬಾಗಿಲು ತೆಗೆಯೋಳೂ ನಾನೇ. ಅವನಿಗೀಗ ನನ್ನ ಕಣ್ಣೇ ಕಣ್ಣು. ಹಾಗೆ ಮಾಡಿಟ್ಟೋನು ನೀನು...

ಅವನ ಇಷ್ಟಕ್ಕೆ ವಿರುದ್ಧ ಅಂತ ನಂಗೂ ಗೊತ್ತು. ತಾಯಿಗೆ ಬುದ್ಧಿ ಹೇಳ್ಬೇಡ. ಅವನು ಕ್ಷಮಿಸ್ಲಿ. ಅವನು ಯಾವತ್ತೂ ಹಾಗೇನೇ. ಅವನ ಬದಲು ನಾನು...

ಶ್! ಸುಮ್ನಿರು...

ಎದ್ದುಬಿಟ್ಯಾ ಮಗಾ? ಅಲ್ಲೇ ನಿಲ್ಲು, ಕುರ್ಚಿ ಅಡ್ಡ ಇದೆ. ಗೋಡೆ ಹಿಡ್ಕೊಂಡು ಬಾ... ನಿಧಾನ...

ಗಿಲೇನಾ? ಇಲ್ಲ ಕಣೋ. ಹನ್ನೊಂದು ದಿನದಿಂದ ಮಾಡದವನು ಇವತ್ತು ಮಾಡ್ತಾನಾ? ಇದು ಔಷಧಿ ಅಂಗಡಿಯೋರು... ಹೂಂ, ಕಾಗದದ ವಿಷಯಕ್ಕೇ. ನೀನು ಮಲಗಿದ್ದಾಗ ಹೋಗಿ ಬಂದೆ... ಹಾಕಿದೆ ಮಗಾ. ಈಗ ತಾನೇ ಹಾಕಿದೆ. ನೀನು ಕೂತ್ಕೋ, ಗಂಜಿ ಬಿಸಿ ಮಾಡ್ತೀನಿ...

ಹಲೋ. ಹಾಂ, ಇದೀನಿ ರೀ, ಹೇಳಿ... ಹೌದಾ, ಪೂರ್ತಿ ಹೋಯ್ತು ಅಲ್ವಾ? ಏನೂ ಉಳಿದಿಲ್ಲ ಅಲ್ವಾ? ಸರಿ ರೀ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಮನೆಯೋರನ್ನ ಕೇಳ್ದೆ ಅಂತ ಹೇಳಿ. ಇಡ್ತೀನಿ ಹಾಗಾದ್ರೆ.