ಪೌಡರ್ ಹಚ್ಚದ ಮುಖ

ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ, ಮುಖ ತೋರಿಸಿ ಹಾಜರಿ ಹಾಕುವ ಯಂತ್ರದ ಮುಂದೆ ಹೆಂಗಸರ ಸಾಲು. ಸಾಲಿನಲ್ಲಿದ್ದ ಗುಂಡಿ ಹೊಲಿಯುವವಳೊಬ್ಬಳ ಮುಂದೆ ನಿಂತಿದ್ದವರು ಅತ್ತಿಗೆ, ನಾದಿನಿ. ಅತ್ತಿಗೆ ಚೀಲದಿಂದ ಪೌಡರ್ ಡಬ್ಬಿ ತೆಗೆದಳು.

“ಬೇಡ ಅತ್ತಿಗೆ. ಇವತ್ತು ಹಚ್ಕೊಳ್ಳಲ್ಲ.”

“ಹಚ್ಕೊಳ್ದೆ ಇದ್ರೆ ಮೆಷಿನ್ ನಿನ್ನ ಮುಖ ತಗೊಳ್ಳಲ್ಲ ಕಣೆ. ಮೊನ್ನೆ ಗೈರುಹಾಜರಿ ಬಿದ್ದಿದ್ದು ಮರೆತುಹೋಯ್ತಾ?”

“ಬೆಳ್ಳಗಿರೋರ್ನೆಲ್ಲ ಕಣ್ಮುಚ್ಕೊಂಡು ತಗೊಳ್ಳುತ್ತೆ. ನಾನು ಮಾತ್ರ ದಿನಾ ಬಣ್ಣ ಬಳ್ಕೊಂಡು ಬರ್ಬೇಕಾ?”

“ಒಂಚೂರು ಪೌಡರ್‌ಗೆ ಯಾಕೆ ಇಷ್ಟು ರಂಪ? ಮ್ಯಾನೇಜರ್‌ಗೆ ಹೇಳು.”

“ಸಂಘದವರೆಲ್ಲ ಹೋಗಿ ಹೇಳಿದ್ವಲ್ಲ. ಮೆಷಿನ್‌ಗೆ ಕಪ್ಪು ಬಿಳುಪು ಅಂತ ಭೇದ ಇಲ್ಲಮ್ಮ ಅಂತ ನಕ್ಕು ಕಳಿಸಿದ್ರು. ಅದಕ್ಕೇ ನಿನ್ನೆ ಎಲ್ರೂ ಕೈ ಎತ್ತಿ ತೀರ್ಮಾನ ಆಗಿದೆ. ನನ್ನ ಮುಖ ತಗೊಳ್ಳೋವರೆಗೂ ಸಂಘದವರು ಯಾರೂ ಒಳಗೆ ಹೋಗಲ್ಲ.”

“ಕೈ ಎತ್ತಿದವರೆಲ್ಲ ಆಗ್ಲೇ ಒಳಗೆ ಸೇರ್ಕೊಂಡಾಯ್ತು, ನೋಡು.”

ನಿನ್ನೆ ಕೈ ಎತ್ತಿದ್ದ ಗುಂಡಿ ಹೊಲಿಯುವವಳು ತಲೆ ತಗ್ಗಿಸಿದಳು. ನಾದಿನಿ ಹಿಂದೆ ತಿರುಗಿ ನೋಡಲಿಲ್ಲ. ಯಂತ್ರದ ಮುಂದೆ ನಿಂತಳು. ಕೆಂಪು ದೀಪ ಹತ್ತಿತು. ಇನ್ನೊಂದು ಸಲ ನಿಂತಳು. ಮತ್ತೆ ಕೆಂಪು.

“ಮೊಂಡಿ ನೀನು. ನಿಮ್ಮಣ್ಣ ಕೇಳಿದ್ರೆ ನಾನೇನು ಹೇಳ್ಲಿ?”

“ನೀವು ಒಳಗೆ ಹೋಗಿ ಅತ್ತಿಗೆ.”

ಅತ್ತಿಗೆ ಡಬ್ಬಿಯ ಮುಚ್ಚಳ ಒತ್ತಿ ಚೀಲಕ್ಕೆ ಹಾಕಿದಳು.

“ನಡಿ, ಆ ಕಟ್ಟೆ ಮೇಲೆ ಕೂತ್ಕೊಳ್ಳೋಣ. ಎಷ್ಟು ಹೊತ್ತು ಅಂತ ಒಬ್ಳೇ ನಿಂತಿರ್ತೀಯ?”

ಇಬ್ಬರೂ ಸಾಲು ಬಿಟ್ಟು ನಡೆದರು. ಗುಂಡಿ ಹೊಲಿಯುವವಳು ಮುಖ ಎತ್ತಿದ್ದೇ ತಡ, ಹಸಿರು ದೀಪ ಹತ್ತಿ ಬಾಗಿಲು ತೆರೆದುಕೊಂಡಿತು.

“ಹೋಗಮ್ಮ, ಹೋಗು,” ಎಂದರು ಹಿಂದಿನವರು.

ಅವಳ ಕಾಲು ಏಳಲಿಲ್ಲ.