ಬಳಗಾನೂರಿಗೆ ಹೋದ ಹೊಲಿಗೆ ಮಷೀನು

ಪೂಜ್ಯ ಭಂತೇಜಿಯವರೇ, ಮಾನ್ಯ ಅಧ್ಯಕ್ಷರೇ, ಈ ಬಿಸಿಲಲ್ಲೂ ಬುದ್ಧ ಪೂರ್ಣಿಮೆಗೆಂದು ಮಸ್ಕಿಗೆ ಬಂದು ಕುಳಿತಿರುವ ಸಭಿಕರೇ, ಜೈ ಭೀಮ್.

ನನಗೆ ಕೊಟ್ಟ ವಿಷಯ 'ದುಃಖ ಮತ್ತು ತೃಷ್ಣೆ'. ಹೋದ ವರ್ಷವೂ ಇದೇ ವಿಷಯ, ಇದೇ ಮೈಕು. ಅಂಟಿಕೊಂಡಷ್ಟೂ ದುಃಖ, ಬಿಟ್ಟಷ್ಟೂ ಶಾಂತಿ ಎಂದು ಬಹಳ ಹೊತ್ತು ಮಾತಾಡಿದ್ದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಹೆಂಡತಿ ರೂಪಾ ಆಕಳಿಸಿದ್ದಳು. ನಗಿರಿ, ಅವಳಿದ್ದಿದ್ದರೆ ಅವಳೂ ನಗುತ್ತಿದ್ದಳು.

ಶ್ರಾವಣದಲ್ಲಿ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ನಾನು ಅಳಲಿಲ್ಲ. ಅಳಬಹುದೇ? ಸಿಂಧನೂರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ 'ಎಲ್ಲವೂ ಅನಿತ್ಯ' ಎಂದು ಸಮಾಧಾನ ಹೇಳಲು ಹೋಗುವ ಮಾಸ್ತರ ನಾನು. ಅವಳ ಸೀರೆಗಳನ್ನು ಹಂಚಿದೆ. ಹೊಲಿಗೆ ಮಷೀನನ್ನು, ಅವಳ ಹತ್ತಿರವೇ ಕೆಲಸ ಕಲಿತ ಬಳಗಾನೂರಿನ ದುರ್ಗಾದೇವಿಗೆ ಕೊಟ್ಟೆ. ಮನೆ ಖಾಲಿಯಾಯಿತು. ಶಾಂತಿ ಬಂತೇ, ಸಭಿಕರೇ? ಕುಳಿತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಪ್ಯಾಂಟಿನ ಹೊಲಿಗೆ ಬಿಚ್ಚಿದೆಯೆಂದು ಬಳಗಾನೂರಿನ ಬಸ್ಸು ಹತ್ತಿದೆ. ದುರ್ಗಾದೇವಿ ಹೊಲಿದುಕೊಟ್ಟಳು. ಮುಂದಿನ ವಾರ ಅಂಗಿ. ಆಮೇಲೆ ದಿಂಬಿನ ಗವಸು. ಅವಳು ಮಷೀನು ತುಳಿಯುವಾಗ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದೆ. ಅದನ್ನು ಧ್ಯಾನವೆಂದುಕೊಂಡಿದ್ದೆ.

ಒಂದು ದಿನ ಆಕೆ ಗವಸನ್ನು ತಿರುವಿ ನೋಡಿದಳು. "ಸರ, ಇದು ತಾನಾಗಿ ಬಿಚ್ಚಿಲ್ಲರಿ. ನೀವೇ ಬ್ಲೇಡ್ ಹಾಕೀರಿ."

ನಾನು ಗವಸನ್ನು ಇಸಿದುಕೊಂಡು ಚೀಲಕ್ಕೆ ತುರುಕಿದೆ.

"ಮಷೀನ್ ಬೇಕಂದ್ರ ಒಯ್ಯಿರಿ. ನಾ ಬ್ಯಾರೆ ನೋಡ್ಕೋತೀನಿ."

"ಒಯ್ದು ಏನ್ ಮಾಡ್ಲಿ? ತುಳಿಯೋರು ಯಾರದಾರವ್ವ?"

"ನೀವು ಕಲೀರಿ," ಎಂದು ಎದ್ದು ಜಾಗ ಬಿಟ್ಟಳು.

ಕುಳಿತೆ. ತುಳಿಯುವ ಕಬ್ಬಿಣದ ಪಟ್ಟಿ ಒಂದು ಬದಿ ಸವೆದು ನುಣ್ಣಗಾಗಿತ್ತು. ರೂಪಾ ಕಾಲೂರುತ್ತಿದ್ದ ಜಾಗ ಅದು. ಅಳತೆ ಕೊಡಲು ಬಂದ ಹೆಂಗಸರ ಎದುರಿಗೇ ಗಟ್ಟಿಯಾಗಿ ಅತ್ತುಬಿಟ್ಟೆ. ದುರ್ಗಾದೇವಿ ಸಮಾಧಾನ ಹೇಳಲಿಲ್ಲ. ಸೂಜಿಗೆ ದಾರ ಪೋಣಿಸಿಕೊಟ್ಟಳು.

ಈಗ ಭಾನುವಾರ ಅಲ್ಲಿ ಹೊಲಿಯುತ್ತೇನೆ, ಸೊಟ್ಟಸೊಟ್ಟವಾಗಿ. ಇದೂ ತೃಷ್ಣೆಯೇ, ಭಂತೇಜಿ? ಇರಬಹುದು. ಆದರೆ ಭಗವಾನರು ದುಃಖವಿದೆ ಎಂದು ಮೊದಲು ಹೇಳಿದರು, ಬಿಡುವ ಮಾತು ಆಮೇಲೆ. ನಾನು ಮೊದಲನೆಯದನ್ನು ಬಾಯಿಪಾಠ ಮಾಡಿ ದಾಟಿ ಹೋಗಿದ್ದೆ.

ಮೊನ್ನೆ ಪಾಮನಕಲ್ಲೂರಿನ ಗೆಳೆಯ ಅಂಬಪ್ಪನ ಮಗಳು ತೀರಿಕೊಂಡಳು. ಹೋದೆ. ಅನಿತ್ಯದ ಮಾತು ಬಾಯಿತನಕ ಬಂತು. ಆಡಲಿಲ್ಲ. ಅಂಗಳದಲ್ಲಿ ಅವನ ಪಕ್ಕ ಕುಳಿತೆ. ಅವನು ನನ್ನ ಮೊಣಕಾಲು ಹಿಡಿದು ಅತ್ತ. ಹಿಡಿದುಕೊಳ್ಳಲು ಬಿಟ್ಟೆ.

ಇದಕ್ಕಿಂತ ಹೆಚ್ಚು ನನಗೆ ತಿಳಿಯದು. ಕರೆದವರಿಗೆ, ಆಕಳಿಸದೆ ಕೇಳಿದ ನಿಮಗೆ ಋಣಿ. ನಮಸ್ಕಾರ.