ತೊಳೆಯದ ಕ್ಯಾನು

ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಹೆಬ್ಬೂರು ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಹಾಲಿನ ಕ್ಯಾನು ಹಿಡಿದ ಹೆಂಗಸೊಬ್ಬರು ತಮ್ಮೂರಿನ ಯುವಕನನ್ನು ತರಾಟೆಗೆ ತೆಗೆದುಕೊಂಡಿದ್ದರು.

"ಖಾಲಿ ಕ್ಯಾನಿಗೆ ನೀರು ಹಾಕಿ ತೊಳೀತಿದ್ದೆ ಕಣೋ ದಯಾನಂದ. ಅದನ್ನೇ ಆ ಪಕ್ಕದ್ಮನೆಯೋನು ಫೋಟೋ ಹೊಡ್ದು, ಹಾಲಿಗೆ ನೀರು ಬೆರೆಸ್ತಾಳೆ ಅಂತ ಊರ ಗ್ರೂಪಿಗೆ ಹಾಕವ್ನೆ."

"ಅಡ್ಮಿನ್ ನಾನೇ ಅಲ್ವಾ ನೇತ್ರಕ್ಕ? ಡಿಲೀಟ್ ಮಾಡ್ದೆ."

"ಊರೆಲ್ಲಾ ನೋಡಿದ್ಮೇಲೆ! ಟೆಸ್ಟಲ್ಲಿ ಸರಿ ಬಂದ್ರೂ ಡೈರೀಲಿ ನನ್ನ ಹಾಲು ತಗೋತಿಲ್ಲ. ದಿನಾ ಇಲ್ಲಿಗಂಟ ತಂದು ಹೋಟ್ಲಿಗೆ ಹಾಕ್ತಿದೀನಿ."

"ಕಳ್ದೋದ ನಿಮ್ಮ ಹಸ ಹುಡುಕ್ಕೊಟ್ಟಿದ್ದೂ ಇದೇ ಗ್ರೂಪು."

"ಮರೆತಿಲ್ಲ. ಅರ್ಧ ಗಂಟೇಲಿ ಸಿಕ್ತು. ಅಷ್ಟೇ ಬೇಗ, ನೇತ್ರಾವತಿ ತಪ್ಪು ಮಾಡಿಲ್ಲ ಅಂತ ಹಾಕೋಕೆ ನಿಂಗೇನ್ಲಾ ರೋಗ?"

"ಮತ್ತೆ ಗಲಾಟೆ ಏಳುತ್ತೆ, ಬುಡಿ ಅಕ್ಕ."

"ನೀನ್ ಬುಡು, ನಾನೇ ಹಾಕ್ತೀನಿ." ಆಕೆ ಫೋನು ತೆಗೆದು ಒತ್ತತೊಡಗಿದರು. "ಇದ್ಯಾಕ್ಲಾ ಹೋಗ್ತಾನೇ ಇಲ್ಲ?"

"ಗಲಾಟೆ ಬೇಡಾಂತ ನಿಮ್ಮನ್ನ ಗ್ರೂಪಿಂದ ತೆಗ್ದಿದೀನಿ."

"ಫೋಟೋ ಹಾಕಿದೋನ್ನ?"

"ಅವ್ನು... ಇದಾನೆ."

ಬಸ್ಸು ಬಂತು. ಕ್ಯಾನು ಹತ್ತಿಸಲು ಆತ ಕೈ ಚಾಚಿದ.

"ಮುಟ್ಬೇಡ, ಇನ್ನೂ ತೊಳ್ದಿಲ್ಲ. ಮನೆಗೋಗಿ ಬಾಗ್ಲು ಹಾಕ್ಕೊಂಡು ತೊಳೀಬೇಕು" ಎಂದು ಆಕೆ ತಾವೇ ಎತ್ತಿಕೊಂಡು ಹತ್ತಿದರು.